ಸಾಕುತಾಯಿಯ ಮಡಿಲಲ್ಲಿ ಬೊನೊಬೊ

ಕಾಂಗೊ ಪ್ರಜಾಸತ್ತಾತ್ಮಕ ಗಣರಾಜ್ಯದ ರಾಜಧಾನಿ ಕಿನ್ಶಾಸಾ. ಅದರ ಜನಜಂಗುಳಿ ದಾಟಿ ದಕ್ಷಿಣದ ಹೊರವಲಯಕ್ಕೆ ಹೋದರೆ ಲುಕಾಯಾ ಎಂಬ ಹೊಳೆ ಸಿಗುತ್ತದೆ. ಹೊಳೆಯ ಪುಟ್ಟ ಜಲಪಾತಗಳ ಪಕ್ಕದಲ್ಲಿ, ಸುಮಾರು 30 ಹೆಕ್ಟೇರ್ ಕಾಡಿನಲ್ಲಿ, ‘ಲೋಲಾ ಯಾ ಬೊನೊಬೊ’ ಇದೆ. ಅನಾಥ ಬೊನೊಬೊಗಳಿಗೆಂದೇ ಇರುವ ಧಾಮ ಜಗತ್ತಿನಲ್ಲಿ ಇದೊಂದೇ. ನೋಡಲು ಬಂದವರು ಬೇಲಿಯ ಈಚೆಗಿನ ಕಾಲುದಾರಿಯಲ್ಲೇ ನಡೆಯಬೇಕು. ಮರಿ ಎಷ್ಟೇ ಮುದ್ದಾಗಿದ್ದರೂ ಮುಟ್ಟುವಂತಿಲ್ಲ. ನಮಗೆ ಬರಿಯ ನೆಗಡಿಯಾಗಿ ಹೋಗುವ ವೈರಾಣು ಅದರ ಪ್ರಾಣ ತೆಗೆಯಬಲ್ಲದು.

ಮೊದಲ ನೋಟಕ್ಕೆ ಬೊನೊಬೊ ಎಂಬ ಈ ವಾನರ ಚಿಂಪಾಂಜಿಯೇ ಅನ್ನಿಸುತ್ತದೆ. ವಿಜ್ಞಾನಿಗಳೂ ಬಹುಕಾಲ ಹಾಗೇ ಅಂದುಕೊಂಡಿದ್ದರು. 1929ರಲ್ಲಿ ಅರ್ನ್ಸ್ಟ್ ಶ್ವಾರ್ಟ್ಸ್ ಎಂಬ ಜರ್ಮನ್ ಅಂಗರಚನಾಶಾಸ್ತ್ರಜ್ಞ ಬೆಲ್ಜಿಯಂನ ಟೆರ್ವುರೆನ್ ವಸ್ತುಸಂಗ್ರಹಾಲಯದ ತಲೆಬುರುಡೆಯೊಂದನ್ನು ಆಧರಿಸಿ ಇದನ್ನು ಚಿಂಪಾಂಜಿಯ ಉಪಜಾತಿ ಎಂದ. 1933ರಲ್ಲಿ ಅಮೆರಿಕದ ಹೆರಾಲ್ಡ್ ಕೂಲಿಜ್ ಪ್ರತ್ಯೇಕ ಪ್ರಭೇದದ ಪಟ್ಟ ಕೊಟ್ಟ. ತೆಳು ಮೈಕಟ್ಟು, ಹುಟ್ಟಿನಿಂದಲೇ ಕಪ್ಪು ಮುಖ, ನಸುಗೆಂಪು ತುಟಿ, ನಡುಬೈತಲೆ ತೆಗೆದಂಥ ಕೂದಲು: ಇವು ಗುರುತಿನ ಚಿಹ್ನೆಗಳು. ಎರಡೂ ಪ್ರಭೇದಗಳನ್ನು ಕಾಂಗೊ ನದಿ ಬೇರ್ಪಡಿಸಿದೆ. ಬೊನೊಬೊಗಳಿಗೆ ಈಜು ಬರುವುದಿಲ್ಲ. ಹೀಗಾಗಿ ನದಿಯ ದಕ್ಷಿಣಕ್ಕೆ ಉಳಿದವು ಹತ್ತು–ಇಪ್ಪತ್ತು ಲಕ್ಷ ವರ್ಷಗಳಲ್ಲಿ ತಮ್ಮದೇ ಹಾದಿ ಹಿಡಿದವು. 2012ರಲ್ಲಿ ಪ್ರಕಟವಾದ ಜೀನೋಮ್ ಪ್ರಕಾರ ನಮಗೂ ಅವಕ್ಕೂ ಡಿಎನ್ಎಯಲ್ಲಿರುವ ವ್ಯತ್ಯಾಸ ಕೇವಲ ಶೇಕಡ 1.3ರಷ್ಟು.

ಚಿಂಪಾಂಜಿಗಳಿಂದ ಇವುಗಳ ಹಾದಿ ಬೇರೆಯಾದದ್ದು ಸಮಾಜದ ಕಟ್ಟಿನಲ್ಲಿ. ಚಿಂಪಾಂಜಿ ಗುಂಪಿನಲ್ಲಿ ಗಂಡಿನದೇ ದರ್ಬಾರು. ಬೊನೊಬೊಗಳಲ್ಲಿ ಹೆಣ್ಣು ಗಾತ್ರದಲ್ಲಿ ಚಿಕ್ಕದಾದರೂ ಒಳ್ಳೆಯ ಹಣ್ಣಿನ ಮರಕ್ಕೆ ಮೊದಲು ಹತ್ತುವುದು ಅದೇ. ಗುಟ್ಟು ತೋಳ್ಬಲದಲ್ಲಿಲ್ಲ, ಒಗ್ಗಟ್ಟಿನಲ್ಲಿದೆ. ಕಾಂಗೊದ ಕಾಡುಗಳಲ್ಲಿ ಸುಮಾರು 30 ವರ್ಷ ಕಲೆಹಾಕಿದ ಮಾಹಿತಿಯನ್ನು ಸಂಶೋಧಕರು 2025ರಲ್ಲಿ ಪ್ರಕಟಿಸಿದರು: ಹೆಣ್ಣುಗಳು ಕೂಟ ಕಟ್ಟಿ ತಿರುಗಿಬಿದ್ದ ಪ್ರಸಂಗಗಳಲ್ಲಿ ಶೇಕಡ 85ರಷ್ಟು ಗಂಡುಗಳ ವಿರುದ್ಧವೇ ಇದ್ದವು. ಹಾಗೆಂದು ಬೊನೊಬೊಗಳನ್ನು ಶಾಂತಿದೂತರೆಂದು ಹಾರ ಹಾಕಿ ಕೂರಿಸುವಂತಿಲ್ಲ. ಗಂಡುಗಂಡುಗಳ ಕಚ್ಚಾಟ ಚಿಂಪಾಂಜಿಗಳಿಗಿಂತ ಇವುಗಳಲ್ಲೇ ಹೆಚ್ಚೆಂದು 2024ರ ಅಧ್ಯಯನವೊಂದು ತೋರಿಸಿತು. ಆದರೆ ನೆರೆಗುಂಪಿನ ಮೇಲೆ ದಂಡೆತ್ತಿ ಹೋಗಿ ಕೊಲ್ಲುವ ಚಿಂಪಾಂಜಿ ಚಾಳಿ ಇವುಗಳಲ್ಲಿ ದಾಖಲಾಗಿಲ್ಲ. ಲೋಲಾದಲ್ಲೇ ನಡೆದ, 2013ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಹಣ್ಣಿನ ರಾಶಿ ಸಿಕ್ಕ ಬೊನೊಬೊ ಪಕ್ಕದ ಕೋಣೆಯ ಬಾಗಿಲು ತೆಗೆದು ಪಾಲಿಗೆ ಕರೆಯಿತು. ಕರೆದದ್ದೂ ಗೊತ್ತಿರುವ ಗೆಳೆಯನನ್ನಲ್ಲ, ಹೆಚ್ಚಾಗಿ ಅಪರಿಚಿತನನ್ನು!

ಇಷ್ಟು ಬೆಸೆದುಕೊಂಡು ಬದುಕುವ ಪ್ರಾಣಿಯ ಮರಿ ಒಂಟಿಯಾದರೆ? ಬೇಟೆಗಾರರು ಮಾಂಸಕ್ಕಾಗಿ ದೊಡ್ಡವನ್ನು ಕೊಲ್ಲುತ್ತಾರೆ. ಮಾಂಸವಿಲ್ಲದ ಮರಿ ಸಾಕುಪ್ರಾಣಿಯಾಗಿ ಮಾರಾಟಕ್ಕೆ ಬರುತ್ತದೆ. ಕಾನೂನು ಎರಡನ್ನೂ ನಿಷೇಧಿಸಿದೆ. ಹೀಗೆ ವಶಕ್ಕೆ ಪಡೆದ ಮರಿಗಳು ಲೋಲಾ ತಲುಪುತ್ತವೆ. ಕಾಡಿನಲ್ಲಿ ಬೊನೊಬೊ ಮರಿ ನಾಲ್ಕೈದು ವರ್ಷ ತಾಯಿಯನ್ನು ಬಿಟ್ಟಿರುವುದಿಲ್ಲ. ಹಾಲಿನ ಬಾಟಲಿ, ಜಂತುಹುಳದ ಔಷಧಿ ಕೊಟ್ಟರೆ ಹೊಟ್ಟೆ ತುಂಬೀತು, ರೋಗ ಗುಣವಾದೀತು. ಅಪ್ಪುಗೆ ಸಿಗದಿದ್ದರೆ ಮರಿ ಊಟ ಬಿಟ್ಟು ಸೊರಗಿ ಸಾಯುತ್ತದೆ.

1990ರ ದಶಕದಲ್ಲಿ ಕಿನ್ಶಾಸಾ ಮೃಗಾಲಯದಲ್ಲಿ ಸ್ವಯಂಸೇವಕಿಯಾಗಿದ್ದ ಕ್ಲೋದಿನ್ ಆಂದ್ರೆಯವರಿಗೆ ಇದು ಅನುಭವದಿಂದಲೇ ಗೊತ್ತಾಯಿತು. ಬೆಲ್ಜಿಯಂನಲ್ಲಿ ಹುಟ್ಟಿ ಕಾಂಗೊದಲ್ಲಿ ಬೆಳೆದ ಅವರು ಕಟ್ಟಿದ ಧಾಮ 2002ರಲ್ಲಿ ಲುಕಾಯಾ ದಡಕ್ಕೆ ಬಂತು. ಇಲ್ಲಿ ಹೊಸ ಮರಿಗೊಬ್ಬ ಕಾಂಗೊ ಮಹಿಳೆ ‘ಮಾಮಾ’ ಆಗುತ್ತಾರೆ. ಸೊಂಟದ ಮೇಲೆ ಹೊತ್ತು ತಿರುಗುವುದು, ಬಾಟಲಿಯಲ್ಲಿ ಹಾಲೂಡಿಸುವುದು, ಕಚಗುಳಿ ಇಡುವುದು, ಸೋಪಿನ ನೀರಲ್ಲಿ ಮೀಯಿಸುವುದು, ಕಿತಾಪತಿ ಮಾಡಿದರೆ ಗದರುವುದು, ಎಲ್ಲವೂ ಅವರ ಕೆಲಸವೇ. ಸೋಂಕಿನ ಭಯ ಇವರಿಗಿಲ್ಲವೆಂದಲ್ಲ. ಅದಕ್ಕೇ ಆರೋಗ್ಯ ತಪಾಸಣೆ ಕಟ್ಟುನಿಟ್ಟು.

ಮಾಮಾಳ ಕೆಲಸದ ಕಷ್ಟದ ಭಾಗ ಮರಿಯನ್ನು ಬಿಟ್ಟುಕೊಡುವುದು. ಮರಿ ಮೊದಲು ಓರಗೆಯವರ ಜೊತೆ ಆಟಕ್ಕಿಳಿಯುತ್ತದೆ. ಆಮೇಲೆ ದೊಡ್ಡ ಆವರಣದ ಗುಂಪಿಗೆ ಸೇರುತ್ತದೆ. ಅಲ್ಲಿ ಹಿರಿಯ ಹೆಣ್ಣುಗಳ ಒಪ್ಪಿಗೆ ಸಿಕ್ಕರೆ ಬದುಕು ಸಲೀಸು. ಕೊನೆಯ ಮೆಟ್ಟಿಲು ಕಾಡು. 2009ರಲ್ಲಿ ಉತ್ತರದ ಬಸಾಂಕುಸು ಬಳಿಯ ‘ಎಕೊಲೊ ಯಾ ಬೊನೊಬೊ’ ಅರಣ್ಯಕ್ಕೆ ಲೋಲಾದ ಮೊದಲ ತಂಡವನ್ನು ಬಿಡಲಾಯಿತು, 2022ರಲ್ಲಿ ಇನ್ನೊಂದನ್ನು. ಅನಾಥರಾಗಿ ಬೆಳೆದ ಹೆಣ್ಣುಗಳು ಅಲ್ಲಿ ಮರಿ ಹಾಕಿ ಸಾಕಿವೆ.

ಇದು ದೊಡ್ಡ ಗೆಲುವು. ಆದರೆ ಬೊನೊಬೊ ಸಂತತಿ ಉಳಿಯುವುದು ಇದರಿಂದಲ್ಲ. ಕಾಡಿನಲ್ಲಿ ಉಳಿದಿರುವವು ಕನಿಷ್ಠ 15ರಿಂದ 20 ಸಾವಿರ ಎಂಬುದು ಅಂದಾಜು. ಹೆಣ್ಣು ಹೆರುವುದು ಸುಮಾರು ಐದು ವರ್ಷಕ್ಕೊಮ್ಮೆ, ಅದೂ ಒಂದೇ ಮರಿ. ಕೋವಿಗೆ ಸಿಕ್ಕ ಒಂದು ತಾಯಿಯ ಜಾಗ ತುಂಬಲು ಕಾಡಿಗೆ ಹದಿನೈದು ವರ್ಷವಾದರೂ ಬೇಕು. ಲೋಲಾದವರಿಗೆ ಈ ಲೆಕ್ಕ ಗೊತ್ತಿದೆ. ಆದ್ದರಿಂದಲೇ ಅವರು ಕಿನ್ಶಾಸಾದ ಶಾಲಾ ಮಕ್ಕಳನ್ನು ಬೇಲಿಯ ಬಳಿ ಕರೆತರುತ್ತಾರೆ, ಎಕೊಲೊ ಸುತ್ತಲಿನ ಹಳ್ಳಿಗಳ ಶಾಲೆ, ಆಸ್ಪತ್ರೆಗೆ ನೆರವಾಗುತ್ತಾರೆ. ಮಾಂಸ ಕೊಳ್ಳುವ ಪೇಟೆ, ಕೋವಿ ಹಿಡಿಯುವ ಹಳ್ಳಿ ಎರಡೂ ಮನಸ್ಸು ಬದಲಿಸಿದರೆ ಮಾಮಾಗಳಿಗೆ ಹೊಸ ಮರಿ ಬರುವುದು ನಿಲ್ಲುತ್ತದೆ. ಬಾಗಿಲು ಮುಚ್ಚುವ ದಿನ ಬರಲಿ ಎಂದು ದುಡಿಯುವ ಸಂಸ್ಥೆಗಳು ಜಗತ್ತಿನಲ್ಲಿ ಕಡಿಮೆ. ಅನಾಥ ಪ್ರಾಣಿಗಳ ಧಾಮ ಅಂಥದ್ದೊಂದು.