ಎ.ಸಿ. ಹಾಕಿದೊಡನೆ ನಿಂತಲ್ಲೇ ಅದುರುವ ವಾಹನ: ಬಿಡಿಭಾಗ ಬದಲಿಸುವ ಮುನ್ನ ತಿಳಿದಿರಬೇಕಾದುದು

ವಾಹನ ದುರಸ್ತಿಯ ಬಿಲ್ಲು ಸಭೆಯ ಮುಂದೆ ಬಂದಾಗ ಅದರಲ್ಲಿ ಬದಲಿಸಿದ ಬಿಡಿಭಾಗದ ಹೆಸರೂ ಮೊತ್ತವೂ ಇರುತ್ತವೆ. ಆ ಭಾಗವೇ ಕೆಟ್ಟಿತ್ತೆಂದು ತಿಳಿದುದು ಹೇಗೆ ಎಂಬುದಕ್ಕೆ ಬಿಲ್ಲಿನಲ್ಲಿ ಉತ್ತರವಿರುವುದು ಅಪರೂಪ. ಪೆಟ್ರೋಲ್ ಕಾರು ನಿಂತಿರುವಾಗ ಎ.ಸಿ. ಹಾಕಿದೊಡನೆ ಜರ್ಕ್ ಹೊಡೆಯುವ ದೋಷ ಇದಕ್ಕೆ ಒಳ್ಳೆಯ ನಿದರ್ಶನ. ತೊಂದರೆ ಕಾಣುವುದು ಎ.ಸಿ. ಹಾಕಿದಾಗ, ಆದರೆ ಅದರ ಮೂಲ ಅನೇಕ ವೇಳೆ ಎ.ಸಿ.ಯಲ್ಲಿ ಇರುವುದಿಲ್ಲ. ಈ ವ್ಯತ್ಯಾಸವನ್ನು ಅರಿಯದೆ ಕಂಪ್ರೆಸರ್ ಬದಲಿಸಿದರೆ ಹಣ ಖರ್ಚಾಗುತ್ತದೆ, ಅದುರುವಿಕೆ ಉಳಿಯುತ್ತದೆ. ಕೆಲವೊಮ್ಮೆ ಅಪಾಯವೂ ಉಳಿಯುತ್ತದೆ.

ಅದುರುವುದು ಏಕೆ?

ನಿಂತಿರುವ ಪೆಟ್ರೋಲ್ ಎಂಜಿನ್ ಸಾಮಾನ್ಯವಾಗಿ ನಿಮಿಷಕ್ಕೆ 700ರಿಂದ 850 ಸುತ್ತು ತಿರುಗುತ್ತದೆ. ತನ್ನನ್ನು ತಾನು ತಿರುಗಿಸಿಕೊಳ್ಳಲು ಬೇಕಾದುದಕ್ಕಿಂತ ಹೆಚ್ಚು ಶಕ್ತಿ ಆ ಹೊತ್ತಿನಲ್ಲಿ ಅದರ ಬಳಿ ಇರುವುದಿಲ್ಲ. ಎ.ಸಿ. ಹಾಕಿದೊಡನೆ ಬೆಲ್ಟಿನ ಮೂಲಕ ಕಂಪ್ರೆಸರಿನ ಭಾರ ಎಂಜಿನ್ ಮೇಲೆ ಬೀಳುತ್ತದೆ. ಆಗ ನಿಯಂತ್ರಣ ಘಟಕವು ಥ್ರಾಟಲ್ ಬಾಡಿಯ ಮೂಲಕ ಸ್ವಲ್ಪ ಹೆಚ್ಚು ಗಾಳಿಯನ್ನೂ ಅದಕ್ಕೆ ತಕ್ಕ ಇಂಧನವನ್ನೂ ಒದಗಿಸಿ ವೇಗವನ್ನು ಕಾಯ್ದುಕೊಳ್ಳುತ್ತದೆ. ಈ ಕೆಲಸ ಕ್ಷಣಾರ್ಧದಲ್ಲಿ ಆಗಬೇಕು. ಗಾಳಿಯ ದಾರಿಯಲ್ಲಿ ಮಸಿ ಕಟ್ಟಿದ್ದರೆ, ಒಂದು ಸಿಲಿಂಡರಿನಲ್ಲಿ ಕಿಡಿ ಸರಿಯಾಗಿ ಹೊತ್ತದಿದ್ದರೆ ಅಥವಾ ಗಾಳಿ ಸೋರುತ್ತಿದ್ದರೆ ಎಂಜಿನ್ ಹೊಸ ಭಾರವನ್ನು ತಾಳಲಾರದೆ ಮುಗ್ಗರಿಸುತ್ತದೆ. ಬರಿಗೈಯಲ್ಲಿ ನಡೆಯುವಾಗ ಕಾಣದ ಕುಂಟು ತಲೆಯ ಮೇಲೆ ಮೂಟೆ ಹೊತ್ತಾಗ ಕಾಣಿಸಿಕೊಳ್ಳುವಂತೆ, ಎಂಜಿನ್ನಿನ ಹಳೆಯ ದೋಷವು ಎ.ಸಿ.ಯ ಭಾರದಲ್ಲಿ ಬಯಲಾಗುತ್ತದೆ.

ಮೊದಲು ಚಾಲಕರ ಮಾತು

ವಾಹನವನ್ನು ದಿನವೂ ನಡೆಸುವವರ ಅನುಭವವೇ ಮೊದಲ ಪರೀಕ್ಷಾ ವರದಿ. ಅದುರುವ ಬಗೆಯನ್ನು ಅವರಿಂದ ಕೇಳಿ ಲಾಗ್ ಪುಸ್ತಕದಲ್ಲಿ ಬರೆಯಿಸಬೇಕು. ಮುಖ್ಯವಾಗಿ ನಾಲ್ಕು ಬಗೆಗಳುಂಟು.

1. ಕಂಪ್ರೆಸರ್ ಸೇರಿಕೊಳ್ಳುವಾಗ ಒಮ್ಮೆ ಸಣ್ಣ ಕುಲುಕು, ಬಳಿಕ ಶಾಂತ: ಇದು ಬಹುಮಟ್ಟಿಗೆ ಸಹಜ. ಮೂರು ಸಿಲಿಂಡರಿನ ಎಂಜಿನ್‌ಗಳಲ್ಲಿ ಇದು ತುಸು ಹೆಚ್ಚಾಗಿಯೇ ಇರುತ್ತದೆ.

2. ಎ.ಸಿ. ಇರುವಷ್ಟು ಹೊತ್ತೂ ಎಡಬಿಡದೆ ಮುಗ್ಗರಿಕೆ, ಸುತ್ತಿನ ಮುಳ್ಳಿನ ಏರಿಳಿತ: ಥ್ರಾಟಲ್ ಬಾಡಿ, ಸ್ಪಾರ್ಕ್ ಪ್ಲಗ್, ಇಗ್ನಿಷನ್ ಕಾಯಿಲ್ ಅಥವಾ ಗಾಳಿಯ ಸೋರಿಕೆಯ ಸೂಚನೆ.

3. ಮುಳ್ಳು ಸ್ಥಿರವಾಗಿದ್ದರೂ ಆಸನ, ಸ್ಟೀರಿಂಗ್ ಅದುರುವುದು: ಎಂಜಿನ್ನನ್ನು ಹೊತ್ತಿರುವ ರಬ್ಬರಿನ ಮೌಂಟ್ ಸವೆದಿರುವ ಸಂಭವ.

4. ಕೆಲವೇ ಸೆಕೆಂಡುಗಳಿಗೊಮ್ಮೆ ಕುಲುಕು, ತಂಪೂ ಕಡಿಮೆ: ಕಂಪ್ರೆಸರ್ ಪದೇ ಪದೇ ಸೇರಿ ಬಿಡುತ್ತಿದೆ. ಎ.ಸಿ. ಅನಿಲ ಕಡಿಮೆಯಾಗಿರಬಹುದು.

ಖರ್ಚಿಲ್ಲದ ಪರೀಕ್ಷೆಗಳು

ವಾಹನವನ್ನು ಬಯಲಿನಲ್ಲಿ, ಸಮತಟ್ಟಾದ ನೆಲದ ಮೇಲೆ, ಕೈಬ್ರೇಕ್ ಹಾಕಿ ನ್ಯೂಟ್ರಲ್‌ನಲ್ಲಿ ನಿಲ್ಲಿಸಬೇಕು. ಮುಚ್ಚಿದ ಶೆಡ್ಡಿನೊಳಗೆ ಎಂಜಿನ್ ಓಡಿಸಿದರೆ ವಿಷಾನಿಲ ತುಂಬಿಕೊಳ್ಳುತ್ತದೆ. ಬೆಲ್ಟು, ಫ್ಯಾನುಗಳ ಬಳಿ ಕೈಯಾಗಲಿ, ಸೆರಗು, ಟವೆಲುಗಳಾಗಲಿ ಸುಳಿಯಬಾರದು.

ಎ.ಸಿ. ನಿಲ್ಲಿಸಿ ಹೆಡ್‌ಲೈಟ್ ಹಾಗೂ ಬ್ಲೋವರ್ ಅನ್ನು ಪೂರ್ಣವಾಗಿ ಹಾಕಿ ನೋಡಬೇಕು. ಆಗಲೂ ಎಂಜಿನ್ ಮುಗ್ಗರಿಸಿದರೆ ದೋಷ ಎ.ಸಿ.ಯದಲ್ಲ; ಯಾವ ಭಾರವನ್ನೂ ಎಂಜಿನ್ ತಾಳುತ್ತಿಲ್ಲವೆಂದು ಅರ್ಥ.

ಎ.ಸಿ. ಹಾಕಿ ರೇಡಿಯೇಟರ್ ಬಳಿಯ ಫ್ಯಾನ್ ತಿರುಗುವುದೇ ಎಂದು ದೂರದಿಂದ ಗಮನಿಸಬೇಕು. ಅದು ತಿರುಗದಿದ್ದರೆ ಅನಿಲದ ಒತ್ತಡ ಏರಿ ಕಂಪ್ರೆಸರಿನ ಭಾರ ಹೆಚ್ಚುತ್ತದೆ. ನಿಂತಷ್ಟೂ ಅದುರುವಿಕೆ ಹೆಚ್ಚಿ, ಓಡುವಾಗ ಗಾಳಿ ತಗುಲಿ ಕಡಿಮೆಯಾಗುವುದು ಇದರ ಗುರುತು.

ಇನ್ನೊಂದು ಪರೀಕ್ಷೆ ಬ್ರೇಕಿಗೆ ಸಂಬಂಧಿಸಿದುದು. ಇದನ್ನು ಎಂದಿಗೂ ಬಿಡಬಾರದು. ಬ್ರೇಕ್ ಪೆಡಲ್ ಹಗುರವಾಗಿರಲು ನೆರವಾಗುವ ಬೂಸ್ಟರ್, ಅನೇಕ ಪೆಟ್ರೋಲ್ ವಾಹನಗಳಲ್ಲಿ ಎಂಜಿನ್ನಿನ ನಿರ್ವಾತದಿಂದಲೇ ಒಂದು ಕೊಳವೆಯ ಮೂಲಕ ಕೆಲಸ ಮಾಡುತ್ತದೆ. ಆ ಕೊಳವೆ ಬಿರುಕುಬಿಟ್ಟರೆ ಎಂಜಿನ್ ಅದುರುತ್ತದೆ, ಬ್ರೇಕಿನ ನೆರವೂ ಕುಗ್ಗುತ್ತದೆ. ಎಂಜಿನ್ ನಿಲ್ಲಿಸಿ, ಪೆಡಲ್ ಗಟ್ಟಿಯಾಗುವವರೆಗೆ ನಾಲ್ಕಾರು ಬಾರಿ ಒತ್ತಿ, ಒತ್ತಿಹಿಡಿದೇ ಎಂಜಿನ್ ಚಾಲೂ ಮಾಡಬೇಕು. ಪೆಡಲ್ ತುಸು ಕೆಳಗಿಳಿದರೆ ಬೂಸ್ಟರ್ ನೆರವು ಕೊಡುತ್ತಿದೆ ಎಂದರ್ಥ. ಇಳಿಯದಿದ್ದರೆ, ಅಥವಾ ಬ್ರೇಕ್ ಒತ್ತಿಹಿಡಿದಷ್ಟು ಹೊತ್ತೂ ಎಂಜಿನ್ ಮುಗ್ಗರಿಸಿದರೆ, ದುರಸ್ತಿಯಾಗುವವರೆಗೆ ಆ ವಾಹನವನ್ನು ರಸ್ತೆಗೆ ಇಳಿಸಕೂಡದು.

ದುರಸ್ತಿಯ ಕ್ರಮ

ಅಗ್ಗದ ಕಾರಣದಿಂದ ದುಬಾರಿ ಕಾರಣದತ್ತ ಸಾಗುವುದು ಸರಿಯಾದ ಕ್ರಮ. ಮೊದಲು ಏರ್ ಫಿಲ್ಟರ್, ಬ್ಯಾಟರಿಯ ತಂತಿ, ಬೆಲ್ಟಿನ ಬಿಗಿ, ಬಳಿಕ ಥ್ರಾಟಲ್ ಬಾಡಿಯ ಶುಚಿ, ನಂತರ ಸ್ಪಾರ್ಕ್ ಪ್ಲಗ್, ಕಾಯಿಲ್, ಆಮೇಲೆ ಮೌಂಟ್, ಕೊನೆಯಲ್ಲಿ ಕಂಪ್ರೆಸರ್. ಥ್ರಾಟಲ್ ಬಾಡಿ ಶುಚಿಗೊಳಿಸಿದ ಮೇಲೆ ಅನೇಕ ವಾಹನಗಳಲ್ಲಿ ನಿಯಂತ್ರಣ ಘಟಕಕ್ಕೆ ಅದರ ಹೊಸ ಸ್ಥಿತಿಯನ್ನು ಸ್ಕ್ಯಾನರ್ ಮೂಲಕ ಮತ್ತೆ ಕಲಿಸಬೇಕಾಗುತ್ತದೆ. ಇದನ್ನು ಮರೆತರೆ ಅದುರುವಿಕೆ ಹೆಚ್ಚಿದಂತೆ ತೋರಿ, ಇನ್ನೊಂದು ಭಾಗದ ಮೇಲೆ ತಪ್ಪು ಬೀಳುತ್ತದೆ.

ಸ್ಕ್ಯಾನರಿನಲ್ಲಿ ಪಿ0300 ಎಂಬ ಸಂಕೇತ ಬಂದರೆ ಬೇರೆ ಬೇರೆ ಸಿಲಿಂಡರುಗಳಲ್ಲಿ ದಹನ ತಪ್ಪುತ್ತಿದೆ ಎಂದೂ, ಪಿ0301 ಬಂದರೆ ಒಂದನೆಯ ಸಿಲಿಂಡರಿನಲ್ಲಿ ತಪ್ಪುತ್ತಿದೆ ಎಂದೂ ಅರ್ಥ. ಪಿ0506 ಎಂದರೆ ನಿಂತಾಗಿನ ವೇಗ ಇರಬೇಕಾದುದಕ್ಕಿಂತ ಕಡಿಮೆ. ಸಂಕೇತವು ತೊಂದರೆ ಎಲ್ಲಿದೆ ಎಂದು ಹೇಳುತ್ತದೆಯೇ ಹೊರತು ಯಾವ ಭಾಗವನ್ನು ಕೊಳ್ಳಬೇಕೆಂದು ಹೇಳುವುದಿಲ್ಲ. ಒಂದನೆಯ ಸಿಲಿಂಡರಿನ ಕಾಯಿಲನ್ನು ಎರಡನೆಯದಕ್ಕೆ ಅದಲುಬದಲು ಮಾಡಿದಾಗ ಸಂಕೇತವೂ ಪಿ0302ಕ್ಕೆ ಬದಲಾದರೆ ಮಾತ್ರ ಕಾಯಿಲ್ ಕೆಟ್ಟಿದೆಯೆಂದು ಖಚಿತ.

ಎ.ಸಿ. ಅನಿಲದ ವಿಷಯದಲ್ಲಿಯೂ ಎಚ್ಚರ ಬೇಕು. ಅದು ಪೆಟ್ರೋಲಿನಂತೆ ಉರಿದು ಮುಗಿಯುವ ವಸ್ತುವಲ್ಲ. ಗಣನೀಯವಾಗಿ ಕಡಿಮೆಯಾಗಿದ್ದರೆ ಎಲ್ಲಿಯೋ ಸೋರಿದೆ ಎಂದೇ ಅರ್ಥ. ಸೋರಿಕೆ ಹುಡುಕದೆ ಮತ್ತೆ ಮತ್ತೆ ಅನಿಲ ತುಂಬಿಸುವುದು ತೂತು ಕೊಡದಲ್ಲಿ ನೀರು ಹೊತ್ತಂತೆ. ಅಳತೆ ಮೀರಿ ತುಂಬಿದರೆ ಒತ್ತಡ ಹೆಚ್ಚಿ ಅದುರುವಿಕೆಯೂ ಹೆಚ್ಚುತ್ತದೆ.

ಬಿಲ್ಲು ಪರಿಶೀಲಿಸುವಾಗ

ಸದಸ್ಯರು ಯಂತ್ರತಜ್ಞರಾಗಿರಬೇಕಿಲ್ಲ, ಮೂರು ಪ್ರಶ್ನೆಗಳು ಸಾಕು. ಯಾವ ಪರೀಕ್ಷೆಯಿಂದ ಈ ಭಾಗ ಕೆಟ್ಟಿದೆ ಎಂದು ತಿಳಿಯಿತು? ತೆಗೆದ ಹಳೆಯ ಭಾಗ ಎಲ್ಲಿದೆ? ದುರಸ್ತಿಯ ನಂತರ ಎ.ಸಿ. ಹಾಕಿ ಚಾಲಕರ ಎದುರು ಪರೀಕ್ಷಿಸಲಾಯಿತೇ? ಈ ಮೂರಕ್ಕೂ ಉತ್ತರ ಕಡತದಲ್ಲಿದ್ದರೆ ಬಿಲ್ಲಿನ ಮೊತ್ತವನ್ನು ಸಭೆ ನಿರಾಳವಾಗಿ ಚರ್ಚಿಸಬಹುದು. ಇಲ್ಲದಿದ್ದರೆ ಅಂಗೀಕಾರಕ್ಕೆ ಮೊದಲು ಉತ್ತರವನ್ನು ಲಿಖಿತವಾಗಿ ಪಡೆಯುವುದು ಸೂಕ್ತ.