ವೈಮಾನಿಕನ ಕೈಯೊಳಗಿನ ದಂಡ

ಯುದ್ಧವಿಮಾನವೆಂದೊಡನೆ ಅದರ ವೇಗವನ್ನೂ ಆಯುಧಗಳನ್ನೂ ನಾವು ನೆನೆಯುತ್ತೇವೆ. ಆದರೆ ವೈಮಾನಿಕನ ಪ್ರಾಣ ನಿಂತಿರುವುದು ಅವನ ಮುಷ್ಟಿಯೊಳಗಿನ ಒಂದು ದಂಡದ ಮೇಲೆ. ಹಿಂದಕ್ಕೆಳೆದರೆ ವಿಮಾನದ ಮೂತಿ ಮೇಲೇಳುತ್ತದೆ. ಮುಂದಕ್ಕೆ ನೂಕಿದರೆ ತಗ್ಗುತ್ತದೆ. ಪಕ್ಕಕ್ಕೆ ಸರಿಸಿದರೆ ವಿಮಾನ ಆ ಕಡೆಗೆ ವಾಲುತ್ತದೆ. ಈ ದಂಡದ ಚರಿತ್ರೆಯೆಂದರೆ ಕೈಗೂ ಗಾಳಿಗೂ ಇರುವ ನಂಟಿನ ಚರಿತ್ರೆಯೇ ಸರಿ.

1903ರಲ್ಲಿ ರೈಟ್ ಸೋದರರು ಬೋರಲಾಗಿ ಮಲಗಿ ಹಾರಿದರು. ಸೊಂಟವನ್ನು ಅತ್ತಿತ್ತ ಸರಿಸಿ ರೆಕ್ಕೆಗಳನ್ನು ತಿರುಚುತ್ತಿದ್ದರು. ಏರಿಳಿತ ಮತ್ತು ವಾಲುವಿಕೆಗಳೆರಡನ್ನೂ ಒಂದೇ ದಂಡಕ್ಕೆ ಒಪ್ಪಿಸಿದ ಕೀರ್ತಿ ಫ್ರಾನ್ಸಿನ ಎಸ್ನೋ-ಪೆಲ್ತೆರಿಯವರಿಗೆ ಸಲ್ಲುತ್ತದೆ. ಮೊದಲನೆಯ ಮಹಾಯುದ್ಧದಲ್ಲಿ ಗುಂಡು ಹಾರಿಸುವ ಗುಂಡಿಯೂ ಅದಕ್ಕೇ ಬಂದು ಸೇರಿತು.

ಎರಡನೆಯ ಮಹಾಯುದ್ಧದ ಬ್ರಿಟಿಷ್ ಸ್ಪಿಟ್‌ಫೈರ್ ವಿಮಾನದ ದಂಡಕ್ಕೆ ಬಳೆಯಂತಹ ಹಿಡಿಯಿತ್ತು. ಬೇಕಾದಾಗ ಎರಡು ಕೈಗಳಿಂದಲೂ ಹಿಡಿಯಬಹುದಾಗಿತ್ತು. ಅದು ಅಗತ್ಯವೂ ಆಗಿತ್ತು. ವೇಗ ಹೆಚ್ಚಿದಷ್ಟೂ ಗಾಳಿಯ ಒತ್ತಡವೆಲ್ಲ ವೈಮಾನಿಕನ ತೋಳಿಗೇ ಬರುತ್ತಿತ್ತು. ರೆಕ್ಕೆಯಂಚಿನ ಚಲಿಸುವ ಫಲಕಗಳಿಗೆ ಬಟ್ಟೆಯ ಬದಲು ಲೋಹವನ್ನು ಹೊದಿಸಿದ ಮೇಲೆ ಆ ಭಾರ ಕೊಂಚ ಇಳಿಯಿತು.

ಜೆಟ್ ಯುಗದಲ್ಲಿ ತೋಳ್ಬಲವು ಸಾಲದಾಯಿತು. ಅಮೆರಿಕದ ಸೇಬರ್ ಮೊದಲಾದ ವಿಮಾನಗಳಲ್ಲಿ ಎಣ್ಣೆಯ ಒತ್ತಡದಿಂದ ನಡೆಯುವ ಯಂತ್ರಗಳು ಆ ಶ್ರಮವನ್ನು ವಹಿಸಿಕೊಂಡವು. ಆದರೆ ದಂಡ ಹಗುರಾದುದೇ ಹೊಸ ಅಪಾಯವಾಯಿತು. ಗಾಳಿಯ ಬಲ ಕೈಗೆ ತಿಳಿಯದಿದ್ದರೆ, ಅತಿಯಾಗಿ ಎಳೆದು ವಿಮಾನವನ್ನೇ ಮುರಿದುಕೊಳ್ಳುವ ಸಂಭವವುಂಟು. ಆದುದರಿಂದ ಸ್ಪ್ರಿಂಗುಗಳನ್ನು ಅಳವಡಿಸಿ, ಕೃತಕವಾದ ಬಿಗಿಯನ್ನು ಕೈಗೆ ಒದಗಿಸಬೇಕಾಯಿತು.

ಅಮೆರಿಕದ ಎಫ್-16 ಇನ್ನೂ ಮುಂದೆ ಹೋಯಿತು. ಅದರಲ್ಲಿ ಕೈಯ ಆಜ್ಞೆಯನ್ನು ಒಯ್ಯುವುದು ವಿದ್ಯುತ್ತು. ಬಿರುಸಿನ ತಿರುವಿನಲ್ಲಿ ದೇಹವು ಒಂಬತ್ತು ಪಟ್ಟು ಭಾರವಾಗುವಾಗ ತೋಳಿಗೆ ಆಸರೆ ದೊರೆಯಲೆಂದು ದಂಡವನ್ನು ಬಲಪಕ್ಕದಲ್ಲಿಟ್ಟರು. ಮೊದಮೊದಲು ಅದು ಅಲುಗುತ್ತಲೇ ಇರಲಿಲ್ಲ. ಕೈಯ ಒತ್ತಡವನ್ನಷ್ಟೇ ಅಳೆಯುತ್ತಿತ್ತು. 1974ರ ಜನವರಿ 20ರಂದು ಕ್ಯಾಲಿಫೋರ್ನಿಯದ ಎಡ್ವರ್ಡ್ಸ್ ನೆಲೆಯಲ್ಲಿ ಅದರ ಮೊದಲ ಮಾದರಿಯನ್ನು ನೆಲದ ಮೇಲೆ ವೇಗವಾಗಿ ಓಡಿಸಿ ಪರೀಕ್ಷಿಸುತ್ತಿದ್ದಾಗ, ಅದು ಎಡಕ್ಕೂ ಬಲಕ್ಕೂ ಹೊಯ್ದಾಡತೊಡಗಿತು. ವೈಮಾನಿಕ ಫಿಲ್ ಓಸ್ಟ್ರೈಕರ್ ಎದೆಗುಂದದೆ ವಿಮಾನವನ್ನು ಮೇಲೇರಿಸಿ, ಸುಮಾರು ಆರು ನಿಮಿಷ ಹಾರಿ ಕ್ಷೇಮವಾಗಿ ಇಳಿಸಿದರು. ಅಂದು ಹಾರಾಟದ ಉದ್ದೇಶವೇ ಇರಲಿಲ್ಲ! ಮುಂದೆ ಆ ದಂಡಕ್ಕೂ ಅಲ್ಪ ಚಲನೆಯನ್ನು ಕೊಟ್ಟರು.

2001ರ ಜನವರಿ 4ರಂದು ಬೆಂಗಳೂರಿನಲ್ಲಿ ಮೊದಲು ಹಾರಿದ ನಮ್ಮ ತೇಜಸ್ ವಿಮಾನವೂ ವಿದ್ಯುತ್ ಸಂಕೇತಗಳಿಂದಲೇ ನಡೆಯುತ್ತದೆ. ಆದರೂ ಅದರ ದಂಡ ಹಳೆಯ ಸಂಪ್ರದಾಯದಂತೆ ಮೊಣಕಾಲುಗಳ ನಡುವೆಯೇ ಇದೆ.

ದಂಡದ ಸ್ಥಾನವೂ ರೂಪವೂ ಬದಲಾಗಬಹುದು. ಆದರೆ ಯಂತ್ರ ಎಷ್ಟೇ ಜಾಣವಾದರೂ, ಅದನ್ನು ಹಿಡಿದ ಕೈಗೆ ಒಂದು ಮರುತ್ತರ ಬೇಕೇ ಬೇಕು. ಈ ಮಾತನ್ನು ಯಂತ್ರಶಿಲ್ಪಿಗಳು ಕಲಿತದ್ದು ವೈಮಾನಿಕರ ಅಂಗೈಯಿಂದ.