ದೇವರಿಲ್ಲದ ಹುಡುಗನ ಬೆಸಾಂವ್

ನಮ್ಮ ಮನೆಯ ತೇರ್ಸಿಗೆ, ಅಂದರೆ ಜಪಸರದ ಪ್ರಾರ್ಥನೆಗೆ, ರಜೆ ಎಂಬುದೇ ಇರಲಿಲ್ಲ. ಸಂಜೆ ಇಗರ್ಜಿಯಲ್ಲಿ ‘ಆಮೊರಿ’ ಪ್ರಾರ್ಥನೆಯ ಗಂಟೆ ಬಾರಿಸಿತೆಂದರೆ ಅಂಗಳದ ಆಟ ಮುಗಿಯಿತು, ಕೈಕಾಲು ತೊಳೆದು ಒಳಗೆ ಬರಬೇಕು. ಏಳೂವರೆಗೆ ಅಪ್ಪ ಟೀವಿ ಆರಿಸುತ್ತಿದ್ದರು. ಯೇಸುವಿನ ಪವಿತ್ರ ಹೃದಯದ ಪಟ, ಅದರ ಕೆಳಗೆ ಉರಿಯುವ ಪುಟ್ಟ ಕೆಂಪು ಬಲ್ಬು, ಎದುರಿಗೆ ಮೊಣಕಾಲೂರಿದ ಆರು ಜನ. ಒಂದೊಂದು ರಹಸ್ಯಕ್ಕೆ ಹತ್ತರಂತೆ ಐವತ್ತು ‘ನಮಾನ್ ಮೊರಿಯೆ’ ಎಂಬ ಮರಿಯಮ್ಮನ ಪ್ರಾರ್ಥನೆ, ಕೊನೆಗೆ ಲದಿನ್ ಎಂಬ ಸ್ತುತಿಮಾಲೆ. ಅದೂ ಮುಗಿದ ಮೇಲೆ ಬೆಸಾಂವ್: ಮಕ್ಕಳು ಸಾಲಾಗಿ ಅಜ್ಜಿ, ಅಪ್ಪ, ಅಮ್ಮನ ಮುಂದೆ ಕೈಮುಗಿದು ಆಶೀರ್ವಾದ ಕೇಳಬೇಕು. ಕರಾವಳಿಯ ಕೊಂಕಣಿ ಕ್ಯಾಥಲಿಕರ ಮನೆಗಳಲ್ಲಿ ಊಟದ ತಟ್ಟೆ ಇಡುವುದು ಇದೆಲ್ಲ ಆದ ಮೇಲೆಯೇ.

ನನಗಾಗ 14. ಒಂದು ಸಂಜೆ ಮೂರನೇ ರಹಸ್ಯದ ಹೊತ್ತಿಗೆ, ಇದನ್ನು ಆ ಕಡೆಯಿಂದ ಯಾರೂ ಕೇಳಿಸಿಕೊಳ್ಳುತ್ತಿಲ್ಲ ಅನ್ನಿಸಿತು. ಗುಡುಗಲಿಲ್ಲ, ಮಿಂಚಲಿಲ್ಲ. ಬಾಯಿ ತನ್ನ ಪಾಡಿಗೆ ಮುಂದಿನ ಸಾಲು ಹೇಳುತ್ತಿತ್ತು. ನಂಬಿಕೆ ಹೋದದ್ದು ಅಷ್ಟು ಸಲೀಸಾಗಿ. ಅದನ್ನು ಯಾರಿಗೆ ಹೇಳುವುದು ಎಂಬುದೇ ಪೇಚಾಟಕ್ಕಿಟ್ಟುಕೊಂಡಿತು.

ಇದೇ ಪೇಚಾಟಕ್ಕೆ ಇಂಗ್ಲೆಂಡಿನ ಹುಡುಗನೊಬ್ಬ 1888ರಲ್ಲೇ ಉಪಾಯ ಕಂಡುಕೊಂಡಿದ್ದ ಎಂಬುದು ಆಗ ನನಗೆ ಗೊತ್ತಿರಲಿಲ್ಲ. ಅವನು ಮುಂದೆ ತತ್ವಜ್ಞಾನಿಯಾದ ಬರ್ಟ್ರಂಡ್ ರಸೆಲ್. ನಾಲ್ಕು ತುಂಬುವ ಮೊದಲೇ ತಾಯಿ ತಂದೆ ಇಬ್ಬರನ್ನೂ ಕಳೆದುಕೊಂಡವನು. ತಂದೆಗೆ ದೇವರಲ್ಲಿ ನಂಬಿಕೆ ಇರಲಿಲ್ಲ; ಮಕ್ಕಳೂ ಹಾಗೆಯೇ ಬೆಳೆಯಲೆಂದು ಇಬ್ಬರು ನಾಸ್ತಿಕ ಗೆಳೆಯರನ್ನು ಪೋಷಕರನ್ನಾಗಿ ನೇಮಿಸಿದ್ದ. ಅಜ್ಜ ಅಜ್ಜಿ ಕೋರ್ಟಿಗೆ ಹೋಗಿ ಆ ಏರ್ಪಾಟು ಮುರಿಸಿ, ಮೊಮ್ಮಕ್ಕಳನ್ನು ರಿಚ್ಮಂಡ್ ಪಾರ್ಕಿನ ಪೆಂಬ್ರೋಕ್ ಲಾಡ್ಜಿಗೆ ಕರೆತಂದರು. ಅಲ್ಲಿ ಬೆಳಿಗ್ಗೆ ಎಂಟಕ್ಕೆ ಮನೆಮಂದಿಯ ಪ್ರಾರ್ಥನೆ. ಮೊಮ್ಮಗನಿಗೆ 12 ತುಂಬಿದಾಗ ಅಜ್ಜಿ ಕೊಟ್ಟ ಉಡುಗೊರೆ ಬೈಬಲ್. ಗುಂಪು ಕೆಟ್ಟ ದಾರಿ ಹಿಡಿದರೆ ನೀನು ಅದರ ಹಿಂದೆ ಹೋಗಬೇಡ ಎಂಬರ್ಥದ ಬೈಬಲ್ ವಚನವನ್ನು ಅದರ ಮೊದಲ ಹಾಳೆಯಲ್ಲಿ ಆಕೆಯೇ ಬರೆದಿದ್ದರು. ಮೊಮ್ಮಗ ಅದನ್ನು ಚಾಚೂ ತಪ್ಪದೆ ಪಾಲಿಸಿದ. ಆ ಗುಂಪಿನಲ್ಲಿ ಅಜ್ಜಿಯೂ ಇರುತ್ತಾರೆಂದು ಅಜ್ಜಿಗೆ ಹೊಳೆದಿರಲಿಕ್ಕಿಲ್ಲ.

ಅವನ ವಿಚಾರಗಳನ್ನು ಅಜ್ಜಿ ಗೇಲಿ ಮಾಡುತ್ತಿದ್ದರು. ಹಾಗಾಗಿ 15ನೇ ವಯಸ್ಸಿನಲ್ಲಿ ಅವನೊಂದು ನೋಟುಪುಸ್ತಕ ತೆರೆದು ಮೇಲೆ ‘ಗ್ರೀಕ್ ಅಭ್ಯಾಸ’ ಎಂದು ಬರೆದ. ಒಳಗಿದ್ದದ್ದು ಇಂಗ್ಲಿಷೇ, ಅಕ್ಷರ ಮಾತ್ರ ಗ್ರೀಕ್. ಮನುಷ್ಯನಿಗೆ ಸ್ವಂತ ಇಚ್ಛೆ ಎಂಬುದುಂಟೇ, ಸತ್ತ ಮೇಲೆ ಏನಾದರೂ ಉಳಿಯುತ್ತದೆಯೇ ಎಂಬ ಶಂಕೆಗಳೆಲ್ಲ ಆ ವೇಷದಲ್ಲಿ ಅಡಗಿದ್ದವು. 18ರಲ್ಲಿ ಜಾನ್ ಸ್ಟುವರ್ಟ್ ಮಿಲ್‌ನ ಆತ್ಮಕಥೆ ಓದಿ ದೇವರನ್ನೂ ಬಿಟ್ಟ. ತಾನೇಕೆ ಕ್ರೈಸ್ತನಲ್ಲ ಎಂದು ಲಂಡನ್ನಿನ ಬ್ಯಾಟರ್ಸೀ ಟೌನ್‌ಹಾಲಿನಲ್ಲಿ ನಿಂತು ಪ್ರಸಿದ್ಧ ಭಾಷಣ ಮಾಡಿದ್ದು 1927ರ ಮಾರ್ಚ್ 6ರಂದು. ಆಗ ಅವನಿಗೆ 54.

ನನಗೆ ಗ್ರೀಕ್ ಬರುತ್ತಿರಲಿಲ್ಲ. ನನಗೆ ಸಿಕ್ಕಿದ್ದು ಕುಮ್ಸಾರ್, ಅಂದರೆ ಪಾಪನಿವೇದನೆ. ಅಲ್ಲಿ ಕೇಳಿದ್ದನ್ನು ಪ್ರಾಣ ಹೋದರೂ ಪಾದ್ರಿ ಹೊರಗೆ ಹೇಳುವಂತಿಲ್ಲ. ನಾಸ್ತಿಕ ಹುಡುಗನೊಬ್ಬನಿಗೆ ನಮ್ಮೂರಿನಲ್ಲಿ ಅದಕ್ಕಿಂತ ಭದ್ರವಾದ ಜಾಗ ಇನ್ನೊಂದಿರಲಿಲ್ಲ. ಜಾಲರಿಯ ಆಚೆಗಿನ ಕಿವಿಗೆ ಹೇಳಿಬಿಟ್ಟೆ: ‘ಫಾದರ್, ನನಗೆ ದೇವರಿದ್ದಾನೆ ಅನ್ನಿಸುವುದಿಲ್ಲ.’

ಸ್ವಲ್ಪ ಹೊತ್ತು ಫ್ಯಾನಿನ ಸದ್ದು. ‘ಮನೆಯಲ್ಲಿ ಹೇಳಿದ್ದೀಯಾ?’

‘ಇಲ್ಲ ಫಾದರ್.’

‘ಹೇಳುವಾಗ ಜಗಳ ಮಾಡಬೇಡ.’

ಪ್ರಾಯಶ್ಚಿತ್ತಕ್ಕೆ ಮೂರು ನಮಾನ್ ಮೊರಿಯೆ. ಹೇಳಿದೆ.

ಮುಂದಿನ ವಾರವೇ ದೃಢೀಕರಣ ಸಂಸ್ಕಾರ. ಕೂಸಾಗಿದ್ದಾಗ ಜ್ಞಾನಸ್ನಾನದಲ್ಲಿ ನಮ್ಮ ಪರವಾಗಿ ಹೆತ್ತವರೂ ದೇವಮಾತಾಪಿತರೂ ಉತ್ತರ ಕೊಟ್ಟಿರುತ್ತಾರೆ. ದೃಢೀಕರಣದಲ್ಲಿ ಬಿಷಪ್ಪರು ಅದೇ ಪ್ರಶ್ನೆಗಳನ್ನು ನಮಗೇ ಕೇಳುತ್ತಾರೆ, ನಮ್ಮ ಬಾಯಲ್ಲೇ ‘ನಂಬುತ್ತೇನೆ’ ಬರಬೇಕು. ಇಗರ್ಜಿ ತುಂಬ ಮಕ್ಕಳು, ಹೊಸ ಬಿಳಿ ಬಟ್ಟೆ, ಹಿಂದಿನ ಬೆಂಚಿನಲ್ಲಿ ಅಮ್ಮನ ರೇಷ್ಮೆ ಸೀರೆ. ನಾನೂ ‘ನಂಬುತ್ತೇನೆ’ ಅಂದೆ. ಪಾಪವೆಂಬುದರಲ್ಲಿ ನಂಬಿಕೆ ಬಿಟ್ಟ ಮೇಲೆ ನನಗೆ ಪಾಪ ಮಾಡಿದಂತೆ ಅನ್ನಿಸಿದ್ದು ಅದೇ ಮೊದಲು.

ಮನೆಯಲ್ಲಿ ಬಾಯಿಬಿಟ್ಟದ್ದು ಪಿಯುಸಿಯಲ್ಲಿ, ಒಂದು ಭಾನುವಾರ ಬೆಳಿಗ್ಗೆ. ಬಲಿಪೂಜೆಗೆ ಬರುವುದಿಲ್ಲ ಅಂದೆ. ಧರ್ಮನಿಷ್ಠರ ಮನೆಯಲ್ಲಿ ಇಂಥ ಮಾತಿಗೆ ಸಿದ್ಧವಾಗಿರುವ ಅನುಮಾನಗಳು ಮೂರು: ಹುಡುಗನಿಗೆ ಯಾರ ಮೇಲೋ ಸಿಟ್ಟು, ಯಾರದೋ ಸಹವಾಸ, ಇಲ್ಲವೇ ಬೇರೆ ಜಾತಿಯ ಹುಡುಗಿ. ಹುಡುಗ ತಾನಾಗಿಯೇ ಯೋಚಿಸಿರಬಹುದು ಎಂಬುದು ಆ ಪಟ್ಟಿಯಲ್ಲಿ ಇರುವುದಿಲ್ಲ. ಅಜ್ಜಿ ಅತ್ತರು. ಇಗರ್ಜಿಯ ನಮ್ಮ ವಾಳೆಯ (ವಾರ್ಡಿನ) ಮುಖಂಡರಾದ ಗುರಿಕಾರರು ವಿಚಾರಿಸಿದರೆ ಏನು ಹೇಳುವುದು ಎಂಬುದು ಅಪ್ಪನ ಚಿಂತೆ. ಅಮ್ಮ ಏನೂ ಅನ್ನಲಿಲ್ಲ.

ಆ ರಾತ್ರಿ ತೇರ್ಸ್ ಮುಗಿದ ಮೇಲೆ ತಂಗಿ, ತಮ್ಮ ಬೆಸಾಂವ್ ಕೇಳಿ ಎದ್ದರು. ನಾನು ಗೋಡೆಗೆ ಒರಗಿ ನಿಂತೇ ಇದ್ದೆ. ಬೆಸಾಂವ್ ದೇವರ ಹೆಸರಿನಲ್ಲಿ ಕೊಡುವಂಥದ್ದು. ನಂಬದವನು ಕೇಳಿದರೆ ಮತ್ತೊಂದು ಸುಳ್ಳಾಗುತ್ತದೆ ಎಂಬುದು ನನ್ನ ಹದಿನೇಳರ ತರ್ಕ. ಅಮ್ಮ ಜಪಸರವನ್ನು ಡಬ್ಬಿಗೆ ಹಾಕಲಿಲ್ಲ. ಬೆರಳಿಗೆ ಸುತ್ತಿಕೊಂಡು ಹಾಗೇ ಕೂತಿದ್ದರು. ಆಮೇಲೆ ಕೇಳಿದರು: ‘ದೇವರು ಬೇಡವಾದ್ರೆ ಬೇಡ. ನಾನೂ ಬೇಡ್ವಾ?’

ಹೋಗಿ ಮುಂದೆ ನಿಂತೆ. ತರ್ಕ ಗೋಡೆಯ ಹತ್ತಿರವೇ ಉಳಿಯಿತು.

ಧರ್ಮದಿಂದ ಹೊರಗೆ ಹೋಗುವ ಬಾಗಿಲು ಹುಡುಕುವವರಿಗೆ ಒಂದು ಮಾತು. ಜ್ಞಾನಸ್ನಾನದ ಗುರುತು ಅಳಿಸಲಾಗದ್ದು ಎನ್ನುತ್ತದೆ ಕ್ಯಾಥಲಿಕ್ ಸಭೆ. ವಿಧಿವತ್ತಾಗಿ ಸಭೆ ತೊರೆದವರಿಗೆ ಮದುವೆಯ ನಿಯಮಗಳಲ್ಲಿದ್ದ ವಿನಾಯಿತಿಯನ್ನೂ 2009ರಲ್ಲಿ ಪೋಪ್ 16ನೇ ಬೆನೆಡಿಕ್ಟ್ ತೆಗೆದುಹಾಕಿದರು. ಸರ್ಕಾರದ ಕಡೆಯ ಬಾಗಿಲು ತುಸು ಅಗಲ. ಸಂವಿಧಾನದ 25ನೇ ವಿಧಿ ಧರ್ಮಕ್ಕೆ ಮೊದಲು ಆತ್ಮಸಾಕ್ಷಿಯ ಸ್ವಾತಂತ್ರ್ಯವನ್ನು ಹೇಳುತ್ತದೆ; ಧರ್ಮ ನಮೂದಿಸಲೇಬೇಕೆಂದು ಸರ್ಕಾರ ಯಾರನ್ನೂ ಒತ್ತಾಯಿಸುವಂತಿಲ್ಲ ಎಂದು 2014ರಲ್ಲಿ ಬಾಂಬೆ ಹೈಕೋರ್ಟ್ ತೀರ್ಪಿತ್ತಿತು. 2011ರ ಜನಗಣತಿಯಲ್ಲಿ ಧರ್ಮ ತಿಳಿಸದವರು 28.67 ಲಕ್ಷ. ಅವರೆಲ್ಲ ನಾಸ್ತಿಕರೆಂದೇನೂ ಅಲ್ಲ. ನನ್ನ ಕಾಲೇಜಿನ ಅರ್ಜಿಯಲ್ಲಿ ಮಾತ್ರ ಅಪ್ಪ ದುಂಡಗೆ ‘ರೋಮನ್ ಕ್ಯಾಥಲಿಕ್’ ಎಂದು ತುಂಬಿದ್ದರು. ಸೀಟು ಸಿಕ್ಕಿದ್ದೂ ಆ ಕಾಲಂನಿಂದಲೇ ಎಂಬುದನ್ನು ಮುಚ್ಚಿಡಲಾರೆ.

ಆದರೆ ಕಾಯಿದೆಯ ಯಾವ ಬಾಗಿಲೂ ಭಾಷೆಯಿಂದ ಹೊರಗೆ ಕರೆದೊಯ್ಯುವುದಿಲ್ಲ. ಸೆಪ್ಟೆಂಬರ್ 8ರ ಮೊಂತಿ ಫೆಸ್ತಿಗೆ, ಅಂದರೆ ಮರಿಯಮ್ಮನ ಹುಟ್ಟುಹಬ್ಬಕ್ಕೆ, ಈಗಲೂ ಊರಿಗೆ ಹೋಗುತ್ತೇನೆ. ಇಗರ್ಜಿಯಿಂದ ಆಶೀರ್ವದಿಸಿ ತಂದ ಹೊಸ ತೆನೆಯ ಕಾಳನ್ನು ಅಮ್ಮ ತೆಂಗಿನ ಹಾಲಿಗೆ ಬೆರೆಸಿ ಲೋಟ ಕೈಗಿಡುತ್ತಾರೆ. ಕೊಂಕಣಿಯಲ್ಲಿ ಕೃತಜ್ಞತೆಗೆ ನಾನು ಕಲಿತದ್ದು ಒಂದೇ ಮಾತು: ‘ದೇವ್ ಬರೆಂ ಕರುಂ’, ದೇವರು ಒಳ್ಳೆಯದು ಮಾಡಲಿ. ಬೇರೆ ಮಾತು ಹುಡುಕಿ ಎಂದೋ ಸೋತಿದ್ದೇನೆ. ಕಳೆದ ಹಬ್ಬಕ್ಕೂ ಲೋಟ ಹಿಡಿದು ಅದನ್ನೇ ಹೇಳಿದೆ.

ಅಮ್ಮ ಸೌಟು ಕೆಳಗಿಟ್ಟು, ನಗು ತಡೆದುಕೊಂಡು ಕೇಳಿದರು: ‘ಯಾವ ದೇವರಪ್ಪಾ?’